‘ಐಎಲ್-2 ಸ್ಟರ್ಮೊವಿಕ್ 1946’ ಕಲಿಯುವ ಬಗೆ: ಮೊದಲ ವಾರ ಗುಂಡು ಹಾರಿಸಬೇಡಿ

ಎರಡನೇ ಮಹಾಯುದ್ಧದ ವಿಮಾನಗಳನ್ನು ಹಾರಿಸುವ ಈ ಕಂಪ್ಯೂಟರ್ ಆಟವನ್ನು ಮೊದಲ ಸಲ ಆಡಿದಾಗ ನನ್ನ ವಿಮಾನ ನೆಲ ಬಿಟ್ಟು ಏಳಲೇ ಇಲ್ಲ. ಥ್ರಾಟಲ್, ಅಂದರೆ ಎಂಜಿನ್ನಿನ ಬಲ, ಪೂರ್ತಿ ಕೊಟ್ಟ ಕೂಡಲೇ ಎಡಕ್ಕೆ ಎಳೆದುಕೊಂಡು ಹೋಗಿ, ರನ್‌ವೇ ದಾಟಿ, ಹುಲ್ಲಿನ ಮೇಲೆ ಒಂದು ಸುತ್ತು ತಿರುಗಿ, ರೆಕ್ಕೆ ಮುರಿದುಕೊಂಡು ನಿಂತಿತು. ಶತ್ರು ಆಗ ಇನ್ನೂ ಅವನ ನೆಲೆಯಲ್ಲಿ ಚಹಾ ಕುಡಿಯುತ್ತಿದ್ದಿರಬೇಕು. ಎರಡನೇ ಸಲ ಎದ್ದೆ, ನೂರು ಮೀಟರ್ ಏರಿದೆ, ಹುಮ್ಮಸ್ಸಿನಿಂದ ತಿರುಗಿಸಿದೆ, ಬಿದ್ದೆ. ಮೂರನೇ ಸಲ ಶತ್ರುವಿನ ಹತ್ತಿರ ತಲುಪಿದೆನಾದರೂ ಅವನನ್ನು ನಾನು ನೋಡುವ ಮೊದಲೇ ಅವನು ನನ್ನನ್ನು ನೋಡಿದ್ದ. ಈ ಮೂರು ಸೋಲುಗಳಲ್ಲಿ ಗುರಿ ತಪ್ಪಿ ಆದ ಸೋಲು ಒಂದೂ ಇಲ್ಲ ಎಂಬುದು ನನಗೆ ಹೊಳೆಯಲು ತಿಂಗಳು ಹಿಡಿಯಿತು. ನಿಮಗೆ ಆ ತಿಂಗಳು ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಆಟದ ಪರಿಚಯ ಚುಟುಕಾಗಿ ಸಾಕು. ಮಾಸ್ಕೋದ 1ಸಿ: ಮ್ಯಾಡಾಕ್ಸ್ ಗೇಮ್ಸ್ ತಂಡ ಓಲೆಗ್ ಮ್ಯಾಡಾಕ್ಸ್ ಅವರ ನೇತೃತ್ವದಲ್ಲಿ 2001ರಲ್ಲಿ ಹೊರತಂದದ್ದು ಇದು. ಹೆಸರು ಬಂದದ್ದು ಎರಡನೇ ಮಹಾಯುದ್ಧದಲ್ಲಿ 36,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಸೋವಿಯತ್ ನೆಲದಾಳಿ ವಿಮಾನದಿಂದ. 2003ರಲ್ಲಿ ‘ಫರ್ಗಾಟನ್ ಬ್ಯಾಟಲ್ಸ್’, 2004ರಲ್ಲಿ ‘ಪೆಸಿಫಿಕ್ ಫೈಟರ್ಸ್’ ಎಂಬ ಮುಂದಿನ ಕಂತುಗಳು ಸೇರಿದವು. 2006ರಲ್ಲಿ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ ‘1946’ ಎಂದು ಮಾರಿದರು. ಇನ್ನೂರಕ್ಕೂ ಹೆಚ್ಚು ವಿಮಾನಗಳನ್ನು ನಾವೇ ಹಾರಿಸಬಹುದು. ಮರಗಳು ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದಂತೆ ಕಾಣುತ್ತವೆ, ನಿಜ. ಆದರೆ ರೆಕ್ಕೆಯ ಮೇಲೆ ಗಾಳಿ ಹಿಡಿತ ಬಿಡುವ ಆ ಕ್ಷಣವನ್ನು ಈ ಹಳೆಯ ಆಟ ತೋರಿಸುವ ರೀತಿಗೆ ವಯಸ್ಸಾಗಿಲ್ಲ. ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ ಎಂಬುದು ಇನ್ನೊಂದು ಅನುಕೂಲ.

ಹಾಕಿಕೊಳ್ಳುವಾಗ

ಆನ್‌ಲೈನ್ ಆಟದಂಗಡಿಗಳಾದ ಸ್ಟೀಮ್‌ನಲ್ಲಿಯೂ ಜಿಒಜಿಯಲ್ಲಿಯೂ ಸಿಗುತ್ತದೆ. ವಿಂಡೋಸ್‌ನ ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರ್‌ನೊಳಗೆ ಹಾಕಬೇಡಿ. ಆಟ ತನ್ನ ಸೆಟ್ಟಿಂಗ್‌ಗಳನ್ನು ತನ್ನದೇ ಫೋಲ್ಡರ್‌ನಲ್ಲಿ ಬರೆದುಕೊಳ್ಳುತ್ತದೆ, ಅಲ್ಲಿ ವಿಂಡೋಸ್ ಅದಕ್ಕೆ ಬಿಡುವುದಿಲ್ಲ. ಡಿ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ ಅಲ್ಲಿ ಹಾಕಿದರೆ ಈ ತಂಟೆಯಿಲ್ಲ.

ಆಟ ಹುಟ್ಟಿದ್ದು ಚೌಕ ಮಾನಿಟರ್‌ಗಳ ಕಾಲದಲ್ಲಿ. ಈಗಿನ ಅಗಲ ಪರದೆಗೆ ಹೊಂದಿಸಲು ಆಟದ ಫೋಲ್ಡರ್‌ನಲ್ಲಿ ‘ಕಾನ್ಫ್’ ಎಂಬ ಐಎನ್ಐ ಕಡತವನ್ನು (conf.ini) ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ‘ವಿಂಡೋ’ ಎಂಬ ತಲೆಬರಹದ ಕೆಳಗೆ ವಿಡ್ತ್, ಹೈಟ್ ಎಂಬ ಸಾಲುಗಳಿವೆ. ಅಲ್ಲಿ ನಿಮ್ಮ ಪರದೆಯ ಅಳತೆ, ಉದಾಹರಣೆಗೆ 1920 ಮತ್ತು 1080, ಬರೆಯಿರಿ. ಅಲ್ಲೇ ‘ಸೇವ್ ಆ್ಯಸ್ಪೆಕ್ಟ್’ ಎಂಬುದು 1 ಇದ್ದರೆ 0 ಮಾಡಿ. ಕಡತ ಮುಟ್ಟುವ ಮೊದಲು ಒಂದು ಪ್ರತಿ ತೆಗೆದಿಡಿ. ಟೀಂ ಡೈಡಲೋಸ್ ಎಂಬ ಉತ್ಸಾಹಿಗಳ ತಂಡ ತಯಾರಿಸಿದ ಅಧಿಕೃತ ಪ್ಯಾಚ್‌ಗಳಿವೆ, ಅಂದರೆ ಆಟವನ್ನು ತಿದ್ದುವ ಕಡತಗಳು. ನಿಮ್ಮ ಪ್ರತಿಯಲ್ಲಿ ಅವು ಸೇರಿರದಿದ್ದರೆ ಹಾಕಿಕೊಳ್ಳಿ. ಆಟಗಾರರೇ ಮಾಡಿ ಸೇರಿಸುವ ಮಾಡ್‌ಗಳ ಕಡೆಗೆ ಮಾತ್ರ ಈಗಲೇ ಕಣ್ಣು ಹಾಯಿಸಬೇಡಿ. ಹೊಸ ವಿಮಾನ ಹುಡುಕುವುದರಲ್ಲೇ ದಿನ ಕಳೆದು ಹಾರಾಟ ಹಿಂದೆ ಬೀಳುತ್ತದೆ.

ಜಾಯ್‌ಸ್ಟಿಕ್ ಬೇಕೇ ಬೇಕು. ಕೀಬೋರ್ಡಿನ ಬಾಣದ ಕೀಲಿಗೆ ಗೊತ್ತಿರುವುದು ಇದೆ ಅಥವಾ ಇಲ್ಲ ಎಂಬ ಎರಡೇ ಮಾತು. ಹಾರಾಟ ನಡೆಯುವುದೆಲ್ಲ ಅವೆರಡರ ನಡುವೆ. ದುಬಾರಿಯದು ಬೇಡ. ಹಿಡಿಕೆ ಎಡಬಲಕ್ಕೆ ತಿರುಚಲು ಬರುವಂಥದ್ದು, ಬುಡದಲ್ಲಿ ಥ್ರಾಟಲ್‌ಗೆ ಒಂದು ಜಾರುಪಟ್ಟಿ ಇರುವಂಥದ್ದು ಸಾಕು. ತಿರುಚುವುದು ರಡರ್‌ಗೆ, ಅಂದರೆ ಬಾಲದ ಚುಕ್ಕಾಣಿಗೆ. ಆಟದ ಇನ್‌ಪುಟ್ ಸೆಟ್ಟಿಂಗ್‌ನಲ್ಲಿ ಪ್ರತಿ ಅಕ್ಷಕ್ಕೂ ಸಾಲಾಗಿ ಹತ್ತು ಪಟ್ಟಿಗಳು ಕಾಣುತ್ತವೆ. ಎಡಗಡೆಯವು ಹಿಡಿಕೆಯನ್ನು ಚೂರೇ ಸರಿಸಿದಾಗಿನ ಪರಿಣಾಮವನ್ನು ಹೇಳುತ್ತವೆ. ಅವನ್ನು ಇಳಿಸಿ, ಬಲಕ್ಕೆ ಹೋದಂತೆ ಏರಿಸುತ್ತ 100ಕ್ಕೆ ಮುಟ್ಟಿಸಿ. ಗುರಿಯಿಡುವಾಗ ವಿಮಾನದ ಮೂಗು ಕುಣಿಯುವುದು ಇದರಿಂದಲೇ ಅರ್ಧಕ್ಕರ್ಧ ನಿಲ್ಲುತ್ತದೆ.

ಯಾವ ಸ್ವಿಚ್ ಯಾವಾಗ

‘ಡಿಫಿಕಲ್ಟಿ’ ಪುಟ ತೆರೆದರೆ ಎರಡು ಡಜನ್ ಸ್ವಿಚ್‌ಗಳು. ಹಳೆಯ ಹುಲಿಗಳು ಎಲ್ಲವನ್ನೂ ಮೊದಲ ದಿನವೇ ಹಾಕಿ ಎನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಈಜು ಕಲಿಸಲು ಮಗುವನ್ನು ಬಾವಿಗೆ ನೂಕುವವರ ಜಾತಿ ಅದು. ಎಲ್ಲವನ್ನೂ ಆರಿಸಿಟ್ಟು ಆಡುವುದೂ ಬೇಡ. ಕೆಟ್ಟ ಅಭ್ಯಾಸಗಳು ಮೈಗೂಡಿದರೆ ಬಿಡಿಸುವುದು ಕಷ್ಟ.

‘ಸ್ಟಾಲ್ಸ್ ಆ್ಯಂಡ್ ಸ್ಪಿನ್ಸ್’, ‘ರಿಯಲಿಸ್ಟಿಕ್ ಗನ್ನರಿ’, ‘ಟೇಕಾಫ್ ಆ್ಯಂಡ್ ಲ್ಯಾಂಡಿಂಗ್’ ಈ ಮೂರು ಮೊದಲ ದಿನದಿಂದಲೇ ಇರಲಿ. ವಿಮಾನ ಹತೋಟಿಗೆ ಬಂದ ಮೇಲೆ ‘ಟಾರ್ಕ್’ (ಪ್ರೊಪೆಲರ್ ತಿರುಗುವ ರಭಸಕ್ಕೆ ವಿಮಾನ ಒಂದು ಬದಿಗೆ ಎಳೆಯುವುದು) ಹಾಗೂ ‘ಬ್ಲ್ಯಾಕೌಟ್ಸ್’ (ಬಿಗಿ ತಿರುವಿನಲ್ಲಿ ಪೈಲಟ್‌ಗೆ ಕಣ್ಣು ಕತ್ತಲೆ ಬರುವುದು), ಎಂಜಿನ್ನಿನ ಭಾಷೆ ತಿಳಿದ ಮೇಲೆ ‘ಎಂಜಿನ್ ಓವರ್‌ಹೀಟ್’ (ಎಂಜಿನ್ ಕಾಯುವುದು). ಎಂಜಿನ್ನಿನ ಒಂದೊಂದು ಹೊಂದಿಕೆಯನ್ನೂ ಕೈಯಿಂದಲೇ ನೋಡಿಕೊಳ್ಳುವ ‘ಕಾಂಪ್ಲೆಕ್ಸ್ ಎಂಜಿನ್ ಮ್ಯಾನೇಜ್‌ಮೆಂಟ್’ ಕೊನೆಗೆ. ದೂರದ ವಿಮಾನದ ಪಕ್ಕ ಅದರ ಹೆಸರನ್ನೂ ದೂರವನ್ನೂ ಬಣ್ಣದಲ್ಲಿ ತೋರಿಸುವ ಐಕಾನ್‌ಗಳನ್ನು ತಿಂಗಳುಗಟ್ಟಲೆ ಇಟ್ಟುಕೊಂಡರೂ ನಾಚಿಕೆಪಡಬೇಕಿಲ್ಲ. ನಿಜವಾದ ಪೈಲಟ್‌ನ ಕಣ್ಣಿಗೆ ಕಾಣುತ್ತಿದ್ದುದರಲ್ಲಿ ಬಹುಪಾಲು ಈ ಪರದೆಯ ಒಂದೆರಡು ಚುಕ್ಕೆಗಳಿಗೆ ಸಿಕ್ಕುವುದಿಲ್ಲ.

ಹಾರು, ಇಳಿ, ಆಮೇಲೆ ಏಳು

ದಿಢೀರ್ ಹಾರಾಟ ಜೋಡಿಸುವ ‘ಕ್ವಿಕ್ ಮಿಷನ್ ಬಿಲ್ಡರ್’ ಪುಟ ತೆರೆಯಿರಿ. ನಕ್ಷೆ ಕ್ರೈಮಿಯಾ, ವಿಮಾನ ಬ್ರಿಟಿಷರ ಹರಿಕೇನ್ ಎಂಕೆ 2ಬಿ, ಎತ್ತರ 2,000 ಮೀಟರ್, ಹವೆ ನಿರ್ಮಲ, ಶತ್ರುಗಳ ಸಂಖ್ಯೆ ಸೊನ್ನೆ. ಹರಿಕೇನ್ ಏಕೆ ಎಂದರೆ ಅದು ಸಾಧು ಎತ್ತು. ವೇಗವಿಲ್ಲ, ಆದರೆ ದಪ್ಪ ರೆಕ್ಕೆಯ ಅದು ಬೀಳುವ ಮೊದಲು ಎಚ್ಚರಿಸುತ್ತದೆ. 1944ರಲ್ಲಿ ಇಂಫಾಲದ ಕಾಳಗದಲ್ಲಿ ಅರ್ಜನ್ ಸಿಂಗ್ ಮುನ್ನಡೆಸಿದ ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಹಾರಿಸಿದ್ದೂ ಹರಿಕೇನ್‌ಗಳನ್ನೇ.

ಕ್ವಿಕ್ ಮಿಷನ್‌ನಲ್ಲಿ ವಿಮಾನ ಸಾಮಾನ್ಯವಾಗಿ ಗಾಳಿಯಲ್ಲೇ ಶುರುವಾಗುತ್ತದೆ. ಹೀಗಾಗಿ ಇಲ್ಲಿ ಪಾಠದ ಕ್ರಮ ತಿರುವುಮುರುವು: ಇಳಿಯುವುದು ಮೊದಲು, ಏಳುವುದು ಆಮೇಲೆ. ಪರದೆಯ ಎಡ ಕೆಳಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ ಎತ್ತರ, ವೇಗ, ದಿಕ್ಕು ಕಾಣುತ್ತವೆ. ಮೊದಲ ಅರ್ಧ ಗಂಟೆ ಇಷ್ಟೇ ಮಾಡಿ: 2,000 ಮೀಟರ್ ಎತ್ತರ ಬಿಡದೆ ಒಂದು ಪೂರ್ತಿ ಸುತ್ತು. ಎತ್ತರ 50 ಮೀಟರ್‌ಗಿಂತ ಹೆಚ್ಚು ತಪ್ಪಿದರೆ ಮತ್ತೆ ಮೊದಲಿನಿಂದ. ಬೇಸರದ ಕೆಲಸ, ಆದರೆ ಕೈ ಪಳಗುವುದು ಇದರಲ್ಲೇ. ಹಿಡಿಕೆಯನ್ನು ಒಂದೇ ಸಮನೆ ಒತ್ತಿ ಹಿಡಿಯಬೇಕಾಗಿ ಬಂದರೆ ಕಂಟ್ರೋಲ್ ಕೀಲಿಯೊಡನೆ ಬಾಣದ ಕೀಲಿಗಳನ್ನು ಒತ್ತಿ ಟ್ರಿಮ್, ಅಂದರೆ ವಿಮಾನದ ಸಮತೋಲ, ಸರಿಮಾಡಿ. ಕೈ ಸಡಿಲಿಸಿದರೂ ವಿಮಾನ ನೆಟ್ಟಗೆ ಸಾಗಬೇಕು.

ಆಮೇಲೆ ಬೇಕೆಂದೇ ಬೀಳಿಸಿ. ಥ್ರಾಟಲ್ ಪೂರ್ತಿ ಇಳಿಸಿ, ಎತ್ತರ ಕಳೆದುಕೊಳ್ಳದಂತೆ ಮೂಗನ್ನು ಮೆಲ್ಲಗೆ ಎತ್ತುತ್ತ ಹೋಗಿ. ವೇಗ ಇಳಿದಂತೆ ಹಿಡಿತ ಮೆತ್ತಗಾಗುತ್ತದೆ, ವಿಮಾನ ನಡುಗುತ್ತದೆ, ಒಂದು ರೆಕ್ಕೆ ತಟಕ್ಕನೆ ಕುಸಿಯುತ್ತದೆ. ಇದೇ ಸ್ಟಾಲ್. ಆ ಹೊತ್ತಿನಲ್ಲಿ ಕೈ ತಾನಾಗಿ ಹಿಡಿಕೆಯನ್ನು ಹಿಂದಕ್ಕೂ ಎದುರು ಬದಿಗೂ ಎಳೆಯುತ್ತದೆ. ಎರಡೂ ತಪ್ಪು. ಹಿಡಿಕೆ ನಡುವಿಗೆ ತಂದು ಮುಂದಕ್ಕೆ ಒತ್ತಿ, ತಿರುಗುತ್ತಿರುವ ದಿಕ್ಕಿಗೆ ವಿರುದ್ಧ ರಡರ್ ಕೊಡಿ, ತಿರುಗುವುದು ನಿಂತು ವೇಗ ಬಂದ ಮೇಲೆ ಮೆಲ್ಲಗೆ ಎತ್ತಿ. ಹತ್ತು ಸಲ ಬೀಳಿಸಿ, ಹತ್ತು ಸಲ ಎತ್ತಿ. ಇನ್ನೊಂದು ಲೆಕ್ಕ ಮನಸ್ಸಿನಲ್ಲಿರಲಿ: 60 ಡಿಗ್ರಿ ವಾಲಿ ಎತ್ತರ ಬಿಡದೆ ತಿರುಗುವಾಗ ವಿಮಾನದ ತೂಕ ಎರಡರಷ್ಟಾದಂತೆ, ಸ್ಟಾಲ್ ಆಗುವ ವೇಗ ಸುಮಾರು 1.4 ಪಟ್ಟು ಏರುತ್ತದೆ. ನೆಟ್ಟಗೆ ಸಾಗುವಾಗ ಗಂಟೆಗೆ 130 ಕಿಲೋಮೀಟರ್‌ನಲ್ಲಿ ಬೀಳುವ ವಿಮಾನ ಆ ತಿರುವಿನಲ್ಲಿ 180ರ ಆಚೀಚೆಯೇ ಬೀಳುತ್ತದೆ. ನನ್ನ ಎರಡನೇ ಸೋಲಿನ ಕಾರಣ ಇದು.

ಇಳಿಯುವಾಗಿನ ದೊಡ್ಡ ತಪ್ಪು ಹತ್ತಿರದಿಂದ ಶುರುಮಾಡುವುದು. ರನ್‌ವೇ ನೇರಕ್ಕೆ ಐದಾರು ಕಿಲೋಮೀಟರ್ ದೂರದಲ್ಲೇ ಬನ್ನಿ, ಎತ್ತರ 400 ಮೀಟರ್ ಇರಲಿ. ವೇಗ 250ಕ್ಕೆ ಇಳಿದಾಗ ಜಿ ಒತ್ತಿ ಚಕ್ರ ಬಿಡಿ. ಎಫ್ ಒತ್ತುತ್ತ ಫ್ಲ್ಯಾಪ್‌ಗಳನ್ನು, ಅಂದರೆ ರೆಕ್ಕೆಯ ಹಿಂಬದಿಯ ಮಡಿಕೆ ಹಲಗೆಗಳನ್ನು, ಒಂದೊಂದೇ ಹಂತ ಇಳಿಸಿ, ಮೇಲೆತ್ತಲು ವಿ. ಕೊನೆಯ ಕಿಲೋಮೀಟರ್‌ನಲ್ಲಿ ವೇಗ 190ರಿಂದ 200. ಇಲ್ಲಿಂದ ಮುಂದೆ ಮೂಗಿನಿಂದ ವೇಗವನ್ನು, ಥ್ರಾಟಲ್‌ನಿಂದ ಎತ್ತರವನ್ನು ಆಳಬೇಕು. ಮೊದಮೊದಲು ಇದು ತಲೆಕೆಳಗಾದಂತೆ ತೋರುತ್ತದೆ. ರನ್‌ವೇ ಮುಟ್ಟುವುದಿಲ್ಲ ಎನಿಸಿದಾಗ ಮೂಗೆತ್ತಿದರೆ ವೇಗ ಸತ್ತು ಇನ್ನೂ ಮೊದಲೇ ಬೀಳುತ್ತೀರಿ. ಥ್ರಾಟಲ್ ಒಂದು ಚೂರು ಕೊಡಿ. ರನ್‌ವೇ ಅಂಚು ದಾಟಿದ ಮೇಲೆ ಥ್ರಾಟಲ್ ಪೂರ್ತಿ ಇಳಿಸಿ, ನೆಲದಿಂದ ಎರಡು ಮೂರು ಮೀಟರ್ ಮೇಲೆ ಮೂಗನ್ನು ಮೆಲ್ಲಗೆ ಎತ್ತುತ್ತ ಕಾಯಿರಿ. ಕುಳಿತುಕೊಳ್ಳುವುದು ವಿಮಾನದ ಕೆಲಸ, ನಿಮ್ಮದಲ್ಲ. ನೆಲ ಮುಟ್ಟಿದ ಮೇಲೆ ಬಿ ಕೀಲಿಯಿಂದ ಬ್ರೇಕ್, ಅದೂ ತಟ್ಟಿ ತಟ್ಟಿ ಬಿಡುತ್ತ. ಒತ್ತಿ ಹಿಡಿದರೆ ಮೂಗು ನೆಲಕ್ಕೆ ಚುಚ್ಚಿ ಬಾಲ ಆಕಾಶ ನೋಡುತ್ತದೆ.

ಏಳುವ ಅಭ್ಯಾಸಕ್ಕೆ ‘ಫುಲ್ ಮಿಷನ್ ಬಿಲ್ಡರ್’ ಬೇಕು. ಹೆಸರು ಕೇಳಿ ಹೆದರಬೇಡಿ. ನಕ್ಷೆ ತೆರೆದು, ರನ್‌ವೇ ತುದಿಯಲ್ಲಿ ನಿಮ್ಮ ವಿಮಾನವಿಟ್ಟು, ಮೊದಲ ಮಾರ್ಗಬಿಂದುವನ್ನು ಟೇಕಾಫ್ ಎಂದೂ ಕೊನೆಯದನ್ನು ಲ್ಯಾಂಡಿಂಗ್ ಎಂದೂ ಗುರುತಿಸಿ ಉಳಿಸಿದರೆ ನಿಮ್ಮದೇ ಶಾಲೆ ಸಿದ್ಧ. ಐ ಒತ್ತಿ ಎಂಜಿನ್ ಹೊತ್ತಿಸಿ. ಹರಿಕೇನ್‌ನ ಪ್ರೊಪೆಲರ್ ಕಾಕ್‌ಪಿಟ್‌ನಿಂದ ನೋಡಿದರೆ ಬಲಕ್ಕೆ ತಿರುಗುತ್ತದೆ, ಹಾಗಾಗಿ ‘ಟಾರ್ಕ್’ ಹಾಕಿದ ಮೇಲೆ ವಿಮಾನ ಎಡಕ್ಕೆ ಎಳೆಯುತ್ತದೆ. ಥ್ರಾಟಲ್ ಒಮ್ಮೆಲೇ ಕೊಡದೆ ಹತ್ತು ಎಣಿಸುವಷ್ಟು ಹೊತ್ತಿನಲ್ಲಿ ಏರಿಸಿ, ಜೊತೆಗೇ ಬಲ ರಡರ್. ಎಳೆದ ಮೇಲೆ ತಿದ್ದುವುದಲ್ಲ, ಎಳೆಯುವ ಮೊದಲೇ ಕಾಲಿಟ್ಟುಕೊಂಡಿರಬೇಕು. ಬಾಲ ತಾನೇ ಎದ್ದ ಮೇಲೆ ಮೂಗು ಕೆಳಗಾಗಿ ದಾರಿ ಕಾಣುತ್ತದೆ. ಸುಮಾರು 180ರಲ್ಲಿ ಮೆಲ್ಲಗೆ ಎತ್ತಿ. ಚಕ್ರ ಮಡಿಸಿ, 250 ಮುಟ್ಟುವವರೆಗೆ ತಿರುಗುವ ಆಸೆ ಬೇಡ.

ಎಂಜಿನ್ನಿನ ಮೂರು ಮಾತು

ಹರಿಕೇನ್‌ನಲ್ಲಿ ಮೂಗನ್ನು ಸರ್ರನೆ ಕೆಳಕ್ಕೆ ಒತ್ತಿ ನೋಡಿ. ಎಂಜಿನ್ ಕೆಮ್ಮಿ ಒಂದು ಗಳಿಗೆ ಸುಮ್ಮನಾಗುತ್ತದೆ. ಆಟದ ದೋಷವಲ್ಲ. ಹರಿಕೇನ್‌ನಲ್ಲಿದ್ದ ಆ ಕಾಲದ ಮರ್ಲಿನ್ ಎಂಜಿನ್ನಿನ ಕಾರ್ಬುರೇಟರ್‌ನಲ್ಲಿ, ವಿಮಾನ ತಟ್ಟನೆ ತಗ್ಗಿದರೆ ಪೆಟ್ರೋಲು ಮೇಲಕ್ಕೆ ಹಾರಿ ಹರಿವು ಕೆಡುತ್ತಿತ್ತು. ಜರ್ಮನ್ ಮೆಸ್ಸರ್‌ಶ್ಮಿಟ್ 109ರಲ್ಲಿ ಇಂಧನವನ್ನು ನೇರ ಚಿಮ್ಮಿಸುವ ವ್ಯವಸ್ಥೆ ಇದ್ದುದರಿಂದ ಅದು ಮೂಗು ತಗ್ಗಿಸಿ ಸಲೀಸಾಗಿ ಜಾರಿಕೊಳ್ಳುತ್ತಿತ್ತು. 1941ರಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಎಂಜಿನಿಯರ್ ಒಂದು ಸಣ್ಣ ತೂತಿನ ಲೋಹದ ತುಂಡು ಸೇರಿಸಿ ಈ ತೊಂದರೆಯನ್ನು ಬಹುಮಟ್ಟಿಗೆ ತಗ್ಗಿಸಿದರು. ನಿಮಗೆ ಇರುವ ಉಪಾಯ: ಮೊದಲು ಮಗುಚಿಕೊಳ್ಳಿ, ಆಮೇಲೆ ಹಿಡಿಕೆಯನ್ನು ನಿಮ್ಮತ್ತ ಎಳೆದು ಇಳಿಯಿರಿ. ಎಂಜಿನ್ ಚಕಾರವೆತ್ತುವುದಿಲ್ಲ.

ಎಂಜಿನ್ ಕಾದಿದೆ ಎಂಬ ಎಚ್ಚರಿಕೆ ಪರದೆಯಲ್ಲಿ ಬಂದರೆ ಆರ್ ಒತ್ತಿ ರೇಡಿಯೇಟರ್ ತೆರೆಯಿರಿ, ಥ್ರಾಟಲ್ ತಗ್ಗಿಸಿ. ಸಂದೇಶ ಬಂದ ತಕ್ಷಣ ಏನೂ ಸುಡುವುದಿಲ್ಲ, ಆದರೆ ಅದನ್ನು ಮರೆತು ಬೆನ್ನಟ್ಟುತ್ತ ಹೋದರೆ ಕೆಲ ನಿಮಿಷಗಳಲ್ಲಿ ಬಲ ಕುಂದಿ, ಹೊಗೆ ಬಂದು, ನಿಲ್ಲುತ್ತದೆ. ತೆರೆದ ರೇಡಿಯೇಟರ್ ಗಾಳಿಗೆ ಅಡ್ಡ ನಿಂತು ವೇಗವನ್ನೂ ತಿನ್ನುತ್ತದೆ. ತಣ್ಣಗಾದ ಮೇಲೆ ಮುಚ್ಚಿ. ಪ್ರೊಪೆಲರ್ ಅಲಗಿನ ಓರೆಯಾದ ಪ್ರೊಪೆಲರ್ ಪಿಚ್ ಎಂದರೆ ಸೈಕಲ್ಲಿನ ಗೇರ್ ಎಂದುಕೊಳ್ಳಿ: ಏರುವಾಗ ಶೇಕಡ 100, ಸುಮ್ಮನೆ ಸಾಗುವಾಗ 80ರ ಸುತ್ತ. ಕಂಪ್ಯೂಟರ್ ನಡೆಸುವ ವಿಮಾನಗಳಿಗೆ ಈ ಕಾವಿನ ಕಾಟ ನಮ್ಮಷ್ಟು ಇದ್ದಂತೆ ಕಾಣುವುದಿಲ್ಲ. ಅದು ಮೋಸ, ಒಪ್ಪಿಕೊಂಡು ಆಡಬೇಕು.

ಎತ್ತರ ಎಂಬ ಗಂಟು

ಈಗ ಎರಡನೇ ವಾರ. ಶತ್ರು ಬರಲಿ: ಒಂದೇ ಒಂದು ಮೆಸ್ಸರ್‌ಶ್ಮಿಟ್, ಹೊಸಬನೆಂಬ ‘ರೂಕಿ’ ದರ್ಜೆಯದು. ಗುಂಡು ಈಗಲೂ ಬೇಡ. ಕೆಲಸ ಒಂದೇ: ಹತ್ತು ನಿಮಿಷ ಅವನನ್ನು ಕಣ್ಣಿನಿಂದ ಬಿಡಬಾರದು.

ಕಣ್ಣು ಇಡುವುದೇ ಈ ಆಟದ ಅತಿ ಕಷ್ಟದ ವಿದ್ಯೆ. ಜಾಯ್‌ಸ್ಟಿಕ್ಕಿನ ತುದಿಯ ಟೊಪ್ಪಿ ಗುಂಡಿಗೆ ತಲೆ ತಿರುಗಿಸುವುದನ್ನು ಜೋಡಿಸಿ. ಡಿಲೀಟ್, ಎಂಡ್, ಪೇಜ್ ಡೌನ್ ಕೀಲಿಗಳಿಂದ ನೋಟ ಹಿಗ್ಗುತ್ತದೆ, ಕುಗ್ಗುತ್ತದೆ. ಹುಡುಕುವಾಗ ಅಗಲ, ಗುರುತಿಸುವಾಗ ಕಿರಿದು. ಪ್ರತಿ ಹತ್ತು ಸೆಕೆಂಡಿಗೊಮ್ಮೆ ಬಾಲದ ಕಡೆ ನೋಡುವ ಚಾಳಿ ಬೆಳೆಯಲಿ, ಊರ ಬಸ್ಸಿನಲ್ಲಿ ಜೇಬು ಮುಟ್ಟಿ ನೋಡಿಕೊಳ್ಳುವ ಹಾಗೆ. ‘ಪ್ಯಾಡ್‌ಲಾಕ್’ ಎಂಬ ಸೌಲಭ್ಯ ಕಣ್ಣನ್ನು ಶತ್ರುವಿಗೆ ತಾನೇ ಅಂಟಿಸುತ್ತದೆ. ಬಳಸಬೇಡಿ ಎನ್ನುವುದಿಲ್ಲ, ಆದರೆ ಅಂಟಿದ ಕಣ್ಣಿಗೆ ನೆಲ ಎಲ್ಲಿದೆ ಎಂಬುದು ಗೊತ್ತಿರುವುದಿಲ್ಲ. ತಲೆಯ ಚಲನೆ ಹಿಡಿಯುವ ಟ್ರ್ಯಾಕ್‌ಐಆರ್ ಸಾಧನವಿದ್ದರೆ ಈ ಹಳೆಯ ಆಟವೂ ಅದನ್ನು ಗುರುತಿಸುತ್ತದೆ.

ಎತ್ತರ ಪೆಟ್ಟಿಗೆಯಲ್ಲಿಟ್ಟ ಗಂಟು, ವೇಗ ಕೈಯಲ್ಲಿರುವ ಚಿಲ್ಲರೆ. ಒಂದನ್ನು ಮುರಿದು ಇನ್ನೊಂದು ಮಾಡಿಕೊಳ್ಳಬಹುದು. ಗಂಟೆಗೆ 300 ಕಿಲೋಮೀಟರ್‌ನಲ್ಲಿ ಸಾಗುವವನು 1,000 ಮೀಟರ್ ಇಳಿದರೆ, ಗಾಳಿಯ ತಡೆಯನ್ನು ಬದಿಗಿಟ್ಟ ಲೆಕ್ಕದಲ್ಲಿ, ವೇಗ 585ರ ಹತ್ತಿರ ಬರುತ್ತದೆ. ಬಿಗಿಯಾದ ತಿರುವು ಮಾತ್ರ ಬರೀ ಖರ್ಚು. ಅದರಿಂದ ಏನೂ ವಾಪಸಾಗುವುದಿಲ್ಲ. ಹೊಸಬರು ಶತ್ರುವಿನ ಹಿಂದೆ ಸುತ್ತುತ್ತ ಸುತ್ತುತ್ತ 2,000 ಮೀಟರ್‌ನಿಂದ ಮರಗಳ ತುದಿಗೆ ಬಂದಿರುತ್ತಾರೆ. ಅಲ್ಲಿ ಗಂಟೂ ಇಲ್ಲ, ಚಿಲ್ಲರೆಯೂ ಇಲ್ಲ.

ಹರಿಕೇನ್ ಚೆನ್ನಾಗಿ ಸುತ್ತುತ್ತದೆ, ಮೆಸ್ಸರ್‌ಶ್ಮಿಟ್ ಚೆನ್ನಾಗಿ ಏರುತ್ತದೆ, ಓಡುತ್ತದೆ. ಅವನು ಮೇಲಿದ್ದರೆ ನೀವು ಏರಿ ಹಿಡಿಯಲಾರಿರಿ. ಅವನು ಎರಗಲಿ, ಸುಮಾರು 500 ಮೀಟರ್‌ಗೆ ಬಂದಾಗ ಅವನತ್ತಲೇ ಬಿರುಸಾಗಿ ತಿರುಗಿ. ಅವನು ವೇಗದಲ್ಲಿ ದಾಟಿ ಹೋಗುತ್ತಾನೆ. ಹಿಂದೆ ಬೀಳದೆ ಮೂಗು ನೆಟ್ಟಗೆ ಮಾಡಿ ವೇಗ ಕೂಡಿಸಿಕೊಳ್ಳಿ. ಮತ್ತೆ ಬರುತ್ತಾನೆ, ಮತ್ತೆ ತಿರುಗಿ. ಇದನ್ನು ಇಪ್ಪತ್ತು ಸಲ ಮಾಡಿದ ಮೇಲೆ ಪಾತ್ರ ಅದಲುಬದಲು ಮಾಡಿ: ನೀವು ಮೆಸ್ಸರ್‌ಶ್ಮಿಟ್‌ನಲ್ಲಿ ಕೂತು ಹರಿಕೇನ್‌ಗಿಂತ 1,000 ಮೀಟರ್ ಮೇಲಿನಿಂದ ಎರಗಿ, ತಾಗದಿದ್ದರೂ ನಿಲ್ಲದೆ ಮೇಲೇರಿ. ಅವನೊಡನೆ ಒಂದೇ ಒಂದು ಸುತ್ತು ಸುತ್ತಬೇಕೆಂಬ ಮೋಹ ಬರುತ್ತದೆ. ಬಂದೇ ಬರುತ್ತದೆ. ಸುತ್ತಿದವರು ಕೆಡುತ್ತಾರೆ.

ಕೊನೆಗೂ ಗುಂಡು

ಶಸ್ತ್ರ ಆರಿಸುವ ಪುಟದಲ್ಲಿ ‘ಕನ್ವರ್ಜೆನ್ಸ್’ ಎಂಬ ಅಂಕಿಗಳಿವೆ: ಎರಡು ರೆಕ್ಕೆಗಳ ಗುಂಡುಗಳು ಎಷ್ಟು ದೂರದಲ್ಲಿ ಕೂಡಬೇಕು ಎಂಬುದು. 150ರಿಂದ 200 ಮೀಟರ್ ಇಡಿ. ಹರಿಕೇನ್ 2ಬಿಯಲ್ಲಿ ಹನ್ನೆರಡು ಮಶಿನ್‌ಗನ್‌ಗಳಿದ್ದರೂ ಗುಂಡು ಸಣ್ಣವು. ಚದುರಿದರೆ ತರಚು ಗಾಯ, ಒಂದೆಡೆ ಕೂಡಿದರೆ ಗರಗಸ. ಮದ್ದುಗುಂಡು ಬಿಡದೆ ಒತ್ತಿದರೆ ಹದಿನೈದು ಸೆಕೆಂಡಿನ ಆಚೀಚೆ ಮುಗಿದುಹೋಗುತ್ತದೆ. ಒಂದು ಸೆಕೆಂಡಿನ ಒತ್ತು, ಬಿಡು.

ಅಡ್ಡ ಹೋಗುವವನಿಗೆ ಎಷ್ಟು ಮುಂದೆ ಹೊಡೆಯಬೇಕು? ಲೆಕ್ಕ ಮಾಡಿಯೇ ನೋಡೋಣ. ಅವನ ವೇಗ ಗಂಟೆಗೆ 400 ಕಿಲೋಮೀಟರ್, ಅಂದರೆ ಸೆಕೆಂಡಿಗೆ 111 ಮೀಟರ್. ಗುಂಡಿಗೆ 200 ಮೀಟರ್ ಕ್ರಮಿಸಲು ಕಾಲು ಸೆಕೆಂಡು. ಅಷ್ಟರಲ್ಲಿ ಅವನು 28 ಮೀಟರ್ ಮುಂದೆ ಹೋಗಿರುತ್ತಾನೆ. ಮೆಸ್ಸರ್‌ಶ್ಮಿಟ್‌ನ ಉದ್ದ ಸುಮಾರು 9 ಮೀಟರ್. ಅಂದರೆ ಅವನ ಮೂಗಿನ ಮುಂದೆ ಮೂರು ವಿಮಾನ ಸಾಲಾಗಿ ಇಟ್ಟಷ್ಟು ದೂರದ ಖಾಲಿ ಗಾಳಿಗೆ ಹೊಡೆಯಬೇಕು! ಅಷ್ಟು ಮುಂದೆ ಹೊಡೆಯಲು ಯಾರಿಗೂ ಮೊದಮೊದಲು ಧೈರ್ಯ ಬರುವುದಿಲ್ಲ. ಅದಕ್ಕೇ ಹಿಂದಿನಿಂದ, ಚೂರೇ ಓರೆಯಾಗಿ, ಅವನ ರೆಕ್ಕೆಗಳು ಗುರಿವೃತ್ತವನ್ನು ತುಂಬುವಷ್ಟು ಹತ್ತಿರ ಹೋಗುವುದು ಲೇಸು. ಶಿಫ್ಟ್ ಜೊತೆ ಎಫ್1 ಒತ್ತಿದರೆ ಕಣ್ಣು ಗುರಿಗಾಜಿನ ನೇರಕ್ಕೆ ಬರುತ್ತದೆ.

ಬಾಂಬರ್‌ಗಳ ಬಾಲಕ್ಕೆ ಮಾತ್ರ ಅಂಟಿಕೊಳ್ಳಬೇಡಿ. ಈ ಆಟದ ಹಿಂಬದಿ ಗನ್ನರ್‌ಗಳ ಗುರಿ ಕುಖ್ಯಾತ. ಮೇಲಿನಿಂದ, ಬದಿಯಿಂದ, ವೇಗವಾಗಿ ಬಂದು ದಾಟಿ ಹೋಗಿ.

ಪ್ರತಿ ಕಾಳಗದ ನಂತರ ‘ಟ್ರ್ಯಾಕ್’ ಉಳಿಸಿ. ಇಡೀ ಹಾರಾಟವನ್ನು ಮತ್ತೆ ಆಡಿಸಿ ನೋಡಬಹುದು, ಅದೂ ಶತ್ರುವಿನ ಪಕ್ಕ ನಿಂತು. ನನ್ನ ಕೌಶಲ ನಿಜವಾಗಿ ಬೆಳೆದದ್ದು ಇಲ್ಲಿ. ಒಮ್ಮೆ, ಎಲ್ಲಿಂದಲೋ ದಿಢೀರನೆ ಬಂದು ಹೊಡೆದ ಎಂದು ನಾನು ಬೈದುಕೊಂಡಿದ್ದ ಮೆಸ್ಸರ್‌ಶ್ಮಿಟ್ ಟ್ರ್ಯಾಕ್‌ನಲ್ಲಿ ಪೂರ್ತಿ ಎರಡು ನಿಮಿಷ ನನ್ನ ಎಡಗಡೆ ಮೇಲೆ, ಬರಿ ಆಕಾಶದಲ್ಲಿ, ಬಿಸಿಲಿಗೆ ಮಿಂಚುತ್ತ ಸಾಗುತ್ತಿತ್ತು. ಆ ಎರಡು ನಿಮಿಷವೂ ನಾನು ರೇಡಿಯೇಟರ್ ತೆರೆಯುವ ಕೀಲಿ ಹುಡುಕುತ್ತಿದ್ದೆ. ಅಂದಿನಿಂದ ಹತ್ತು ಮುಖ್ಯ ಕೀಲಿಗಳನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಅಂಚಿಗೆ ಅಂಟಿಸಿದ್ದೇನೆ.

ಪಳಗಿದ ‘ವೆಟರನ್’ ದರ್ಜೆಯ ಒಬ್ಬ ಶತ್ರುವನ್ನು ಐದರಲ್ಲಿ ಮೂರು ಸಲ ಉರುಳಿಸಲು ಬಂದ ಮೇಲೆ, ಸಾಲು ಕಾಳಗಗಳ ಕ್ಯಾಂಪೇನ್‌ಗೆ ಹೋಗಿ. ಅಲ್ಲಿ ಟ್ಯಾಬ್ ಒತ್ತಿದರೆ ರೇಡಿಯೋ ಪಟ್ಟಿ ಬರುತ್ತದೆ. ಜೊತೆಗಾರನಿಗೆ ನಿಮ್ಮ ಬಾಲ ಕಾಯಲು ಹೇಳಿ. ಕೇಳಿದಾಗಲೆಲ್ಲ ಕಾಯುತ್ತಾನೆ ಎಂಬ ಭರವಸೆ ಕೊಡಲಾರೆ. ವಿಮಾನಕ್ಕೆ ಏಟು ಬಿದ್ದಾಗ ಕಾಳಗ ಬಿಟ್ಟು ಮನೆಗೆ ಹೊರಡಿ. ಮೊದಲ ವಾರ ಕಲಿತ ಇಳಿಯುವ ವಿದ್ಯೆಗೆ ನಿಜವಾದ ಬೆಲೆ ಬರುವುದು ಮುಂಗಾಜಿಗೆ ಎಣ್ಣೆ ಬಳಿದುಕೊಂಡು, ಒಂದೇ ಚಕ್ರ ಇಳಿದಿರುವಾಗ. ಹಾಗಾದರೆ ಆ ಚಕ್ರವನ್ನೂ ಮಡಿಸಿ ಹೊಟ್ಟೆಯ ಮೇಲೆ ಇಳಿಸಿ. ಬೆಂಕಿ ಹತ್ತಿದ್ದರೆ ಮಾತ್ರ ಕಂಟ್ರೋಲ್ ಜೊತೆ ಇ ಒತ್ತಿ ಹಾರಿಕೊಳ್ಳಿ.

ಐಕಾನ್‌ಗಳನ್ನು ಆರಿಸುವ ದಿನ ಬಂದಾಗ, ಹಿಂದಿನ ಸಂಜೆ ವಿಮಾನಗಳನ್ನು ತೋರಿಸುವ ಪುಟದಲ್ಲಿ ಒಂದಷ್ಟು ಹೊತ್ತು ಕಳೆಯಿರಿ. ಹರಿಕೇನ್‌ಗೆ ಬೆನ್ನಿನಲ್ಲಿ ಗೂನು, ಮೆಸ್ಸರ್‌ಶ್ಮಿಟ್‌ಗೆ ಚೌಕಟ್ಟಿನ ಕಿರಿದಾದ ಗಾಜುಮನೆ, ಇಲ್ಯುಶಿನ್‌ಗೆ, ಅಂದರೆ ಐಎಲ್-2ಕ್ಕೆ, ಉದ್ದನೆಯ ಭಾರೀ ರೆಕ್ಕೆ. ನಾನು ಈ ಪಾಠ ಹಾರಿಸಿ ಹೋಗಿದ್ದೆ. ಐಕಾನ್ ಇಲ್ಲದೆ ಮೊಟ್ಟಮೊದಲು ನಾನು ಉರುಳಿಸಿದ ವಿಮಾನದ ಬಾಲದ ಮೇಲೆ, ಹತ್ತಿರ ಹೋಗಿ ನೋಡಿದಾಗ, ಕೆಂಪು ನಕ್ಷತ್ರ ಇತ್ತು. ನನ್ನದರ ಮೇಲೂ ಅದೇ ಇತ್ತು.